ಬೆಂಚಿನ ಹಿಂದಿನ ಗೋಡೆ

ಅಳತೆ ಕೋಣೆ, ಎರಡನೇ ಮಹಡಿ
ಫೆಬ್ರವರಿ 18, ಮಂಗಳವಾರ

ಪ್ರೀತಿಯ ಅಪ್ಪಾ,

ಮಂಡಿನೋವು ಹೇಗಿದೆ? ಅಕ್ಕನ ಮನೆಯಲ್ಲಿ ಮೆಟ್ಟಿಲು ಹೆಚ್ಚು. ಹಟಕ್ಕೆ ಬಿದ್ದು ದಿನಕ್ಕೆ ನಾಲ್ಕು ಸಲ ಹತ್ತಿಳಿಯಬೇಡಿ. ನಾನು ಚೆನ್ನಾಗಿದ್ದೇನೆ. ಸಿಟ್ಟು ಮಾತ್ರ ಇಳಿದಿಲ್ಲ.

ನೀವು ನಿವೃತ್ತರಾದ ಮೇಲೆ ಅಣುಸ್ಥಾವರದ ಪಂಪ್ ಕೋಣೆಯ ಹೊರಗಿನ ಓಣಿಯಲ್ಲಿ, ಗೋಡೆಯುದ್ದಕ್ಕೂ ಕೂದಲಿನಷ್ಟು ಸಣ್ಣ ಗಾಜಿನ ಎಳೆ ಹಾಕಿದೆವಲ್ಲ, ವಿಕಿರಣ ಬಿದ್ದಷ್ಟೂ ಅದು ಮಂಕಾಗುತ್ತದೆ. ಒಂದು ತುದಿಯಿಂದ ಬೆಳಕು ಬಿಟ್ಟರೆ ಯಾವ ಮೀಟರಿನಲ್ಲಿ ಎಷ್ಟು ಮಂಕಾಗಿದೆ, ಅಂದರೆ ಎಲ್ಲಿ ಎಷ್ಟು ವಿಕಿರಣ ಬಿದ್ದಿದೆ ಎಂದು ತಿಳಿಯುತ್ತದೆ. ನಿಮ್ಮ ಕಾಲದಲ್ಲಿ ಮಾಪಕ ಇದ್ದದ್ದು ಎರಡು ಬಾಗಿಲುಗಳ ಹತ್ತಿರ ಮಾತ್ರ. ಕಾಗದದಲ್ಲಿ ಆ ಓಣಿ ವಿಕಿರಣವಿಲ್ಲದ ಶುದ್ಧ ಜಾಗ. ಹಾಗಾಗಿ ನೀವೆಲ್ಲ ವಿಕಿರಣ ಅಳೆಯುವ ಎದೆಯ ಬ್ಯಾಡ್ಜನ್ನು ಕೋಟಿನ ಜೊತೆ ಬಾಗಿಲ ಮೊಳೆಗೆ ನೇತುಹಾಕಿ ಚಹಾಕ್ಕೆ ಕೂರುತ್ತಿದ್ದಿರಿ.

ಎಳೆ ಅತಿ ಹೆಚ್ಚು ಮಂಕಾಗಿರುವುದು ಹದಿನೇಳನೇ ಮೀಟರಿನಲ್ಲಿ. ನೀವು ಬೆಂಚು ಕೂರಿಸಿದ ಜಾಗ, ಅಪ್ಪಾ. “ಬನ್ರೋ, ಬೆನ್ನಿಗೆ ಕಾವು ಹತ್ತುತ್ತೆ” ಎಂದು ಎಲ್ಲರನ್ನೂ ಕರೆಯುತ್ತಿದ್ದಿರಲ್ಲ, ಅದೇ ಗೋಡೆ. ಅದರ ಹಿಂದೆ ಬಿಸಿನೀರಿನ ಕೊಳವೆ ತಿರುಗುತ್ತದೆ. ಆ ತಿರುವಿನಲ್ಲಿ ವರ್ಷಗಟ್ಟಲೆ ವಿಕಿರಣ ಸೂಸುವ ಗಸಿ ಕಟ್ಟಿಕೊಂಡಿದೆ.

ದೊಡ್ಡ ಸಾಹೇಬರಿಗೆ ವರದಿ ಕೊಟ್ಟೆ. “ಗಾಜು ಕಪ್ಪಾಗಿದೆ ಅಂದ್ರೆ ಎಳೆ ಕೆಟ್ಟಿದೆ ಅಂತ. ಹಾಗೇ ಬರೆದು ಸಹಿ ಹಾಕಮ್ಮ” ಎಂದರು. ಕಪ್ಪಾಗುವುದೇ ಅದರ ಕೆಲಸ! ಪಕ್ಕದಲ್ಲೇ ಹೊಸ ಎಳೆ ಹಾಕಿ ನೋಡಿದೆ. ಮೂರು ವಾರದಲ್ಲಿ ಅದೂ ಅದೇ ಮೀಟರಿನಲ್ಲಿ ಮಂಕಾಗತೊಡಗಿತು. ಎರಡೂ ಎಳೆಗಳು ಮಾತಾಡಿಕೊಂಡು ಒಂದೇ ಕಡೆ ಕೆಟ್ಟವೇ ಎಂದು ಕೇಳಿದೆ. ಆಗ ಅವರು ನಕ್ಕು, “ನಿಮ್ಮಪ್ಪ ಮೂವತ್ತು ವರ್ಷ ಅಲ್ಲೇ ಕೂತಿದ್ರಲ್ಲ, ಏನಾಯ್ತು?” ಎಂದರು.

ಅಪ್ಪಾ, ನಿಮ್ಮ ಬೆನ್ನನ್ನೇ ಸಾಕ್ಷಿ ಮಾಡಿಕೊಂಡರು! ನಾನು ಸಹಿ ಹಾಕಲಿಲ್ಲ. ಮೇಲಿನ ಸುರಕ್ಷಾ ಮಂಡಳಿಗೆ ಎರಡೂ ಎಳೆಗಳ ಅಳತೆಯನ್ನು ನಾನೇ ಕಳಿಸಿದ್ದೇನೆ. ಕೆಲಸ ಹೋದರೆ ಅಕ್ಕನ ಮನೆಯ ಮೆಟ್ಟಿಲು ನಾನೂ ಹತ್ತುತ್ತೇನೆ.

ಅಕ್ಕ, ಭಾವನಿಗೆ ನಮಸ್ಕಾರ ತಿಳಿಸಿ.

ನಿಮ್ಮ
ಗುಮ್ಮನಗುಸುಕಿ

ಮರೆತಿದ್ದೆ: ಬೆಂಚನ್ನು ನಿಮ್ಮ ಹಳೆಯ ಸ್ಪ್ಯಾನರಿನಿಂದಲೇ ಬಿಚ್ಚಿ ಹಾಕಿದೆ, ಎಷ್ಟು ಬಿಗಿಯಾಗಿ ಕೂರಿಸಿದ್ದಿರಿ! ನಿಮಗೆ ಏನಾಯಿತೆಂದು ಇಷ್ಟು ವರ್ಷ ಒಬ್ಬರೂ ನೋಡಿಲ್ಲ, ನಾನೂ ನೋಡಿಲ್ಲ. ಕಾಗದ ಸಿಕ್ಕ ದಿನವೇ ಅಕ್ಕನ ಜೊತೆ ಹೋಗಿ ರಕ್ತ ಪರೀಕ್ಷೆ ಮಾಡಿಸಿ. ಬೆಂಚು ಹಾಕಿದವನು ನಾನೇ ಎಂದು ಕೊರಗಬೇಡಿ. ನೀವು ಹಾಕಿದ್ದು ಬೆಂಚು. ಗೋಡೆಯನ್ನು ಅಳೆಯಬೇಕಾದವರು ಅವರು.