ಹೋದ ವರ್ಷದವನ ಭಾರ

ಭಾನುವಾರ, ಊಟವಾದ ಮೇಲೆ

ನನ್ನ ಗಟ್ಟಿಗಿತ್ತಿಗೆ,

ನಿನ್ನ ಸೋದರಮಾವನ ಆಶೀರ್ವಾದಗಳು. ನಾವಿಲ್ಲಿ ಕ್ಷೇಮ. ಕಾಗದ ಎಂದಮೇಲೆ ಹಾಗೆ ಬರೆಯಬೇಕಲ್ಲ, ಬರೆದಿದ್ದೇನೆ. ತೊಡೆಯ ಮೇಲೆ ಹಲಗೆ ಇಟ್ಟುಕೊಂಡು ಬರೆಯುತ್ತಿದ್ದೇನೆ, ಅದು ಜಾರುತ್ತದೆ. ಸಾಲುಗಳು ಇಳಿಜಾರಿಗೆ ಬಿದ್ದರೆ ಸಿಟ್ಟಾಗಬೇಡ. ಶಾಲೆ ಬಿಟ್ಟು ಭಾರ ಎತ್ತಲು ಹೋದವನು ನಾನು. ನನ್ನ ಅಕ್ಷರ ಯಾವ ಕಾಲದಲ್ಲಿ ನೆಟ್ಟಗಿತ್ತು ಹೇಳು.

ನಿನ್ನ ಕಾಗದವನ್ನು ನಿಮ್ಮತ್ತೆಗೂ ಓದಿ ಹೇಳಿದೆ. ಅವಳು ಅಡುಗೆಮನೆಗೆ ಹೋಗಿ, ತೊಳೆದಿಟ್ಟ ಪಾತ್ರೆಗಳನ್ನೇ ಮತ್ತೆ ತೊಳೆದಳು. ಸೋಫಾ, ಕುರ್ಚಿಗಳಿಗೆ ಕುಶನ್ ಹೊಲಿಯುವ ನಿನ್ನ ಕಾರ್ಖಾನೆ ಕಟ್ಟಲು ಎಷ್ಟು ವರ್ಷ ಹಿಡಿಯಿತು ಎಂದು ನಮಗೆ ಗೊತ್ತು. ಫೋಮ್‌ಗೆ ಹತ್ತಿದ ಬೆಂಕಿಗೆ ಅದನ್ನು ಸುಡಲು ಅರ್ಧ ದಿನವೂ ಬೇಕಾಗಲಿಲ್ಲ. ರಿಪೇರಿಗೆಂದು ಮೆಕ್ಯಾನಿಕ್ ಹತ್ತಿರ ಹೋಗಿದ್ದ ಹಳೆಯ ಹೊಲಿಗೆ ಯಂತ್ರವೊಂದೇ ಉಳಿದಿದೆ, ಅದನ್ನೂ ಬರುವ ವಾರ ಮಾರಿ ಕೈತೊಳೆದುಕೊಳ್ಳುತ್ತೇನೆ ಎಂದು ಬರೆದಿದ್ದೀಯ. ಈ ಕಾಗದದ ಆತುರವೆಲ್ಲ ಆ ಯಂತ್ರಕ್ಕಾಗಿಯೇ.

ನೋಡಲು ಬಂದವರೆಲ್ಲ ಒಂದೇ ಮಾತು ಹೇಳುತ್ತಾರಂತೆ: “ನೀವು ಆಟ ಆಡಿದವರು, ಪದಕ ಗೆದ್ದವರು, ನಿಮಗಿದೆಲ್ಲ ಯಾವ ಲೆಕ್ಕ? ಎದ್ದು ನಿಲ್ತೀರ ಬಿಡಿ.” ಕೇಳಿದರೆ ಮೈಯೆಲ್ಲ ಉರಿಯುತ್ತದೆ ಎಂದಿದ್ದೀಯ. ಅವರನ್ನು ಬೈಯಬೇಡ ಮಗಳೇ. ಅವರು ನೋಡಿದ್ದು ವೇದಿಕೆಯ ಮೇಲೆ ನೀನು ಭಾರವನ್ನು ತಲೆಯ ಮೇಲೆ ಹಿಡಿದು ನಿಂತ ಆ ಒಂದು ಗಳಿಗೆಯನ್ನು. ನಮ್ಮ ಜಿಮ್ಮಿನ ತಗಡಿನ ಸೂರಿನ ಕೆಳಗೆ ರಾಡಿನ ಬದಲು ಪೊರಕೆ ಕೋಲು ಹಿಡಿದು ಅಭ್ಯಾಸ ಶುರುಮಾಡಿದ ಹುಡುಗಿಯನ್ನು ಅವರು ನೋಡಿಲ್ಲ. “ಮಾವ, ಇದನ್ನ ಹಿಡಿದು ಮನೇಲಿ ಗುಡಿಸಿದ್ದು ಸಾಲ್ದಾ, ಇಲ್ಲೂನಾ?” ಅಂತ ನನ್ನನ್ನೇ ಕೇಳಿದವಳು ನೀನು.

ನನ್ನನ್ನು ಚುಚ್ಚಿದ್ದು ನಿನ್ನ ಕಾಗದದ ಬೇರೊಂದು ಸಾಲು. ನಿಮ್ಮ ಬೀದಿಯ ಸಲೂನಿನವನು ತನ್ನ ಕುರ್ಚಿಯ ಸೀಟು ಹರಿದಿದೆ, ಹೊಲಿದುಕೊಡಿ ಎಂದು ಬಾಗಿಲಿಗೆ ಬಂದನಂತೆ. “ಇಡೀ ಸಭಾಂಗಣದ ಕುರ್ಚಿ ಮಾಡಿಕೊಟ್ಟವಳು ನಾನು, ಈಗ ಒಂದು ಸೀಟಿಗೆ ಕೂರ್ಲಾ?” ಎಂದು ಅವನನ್ನು ವಾಪಸು ಕಳಿಸಿದೆಯಂತೆ. ಆಮೇಲೆ ಅಳು ಬಂತೆಂದು ನೀನು ಬರೆದಿಲ್ಲ. ನಾನೇ ಓದಿಕೊಂಡೆ.

ನೀನು ಹುಟ್ಟುವ ಮುಂಚಿನ ಸಂಗತಿಯೊಂದನ್ನು ಹೇಳುತ್ತೇನೆ. ಭಾರ ಎತ್ತುವಾಗ ಸೊಂಟ ಹಿಡಿದುಕೊಂಡು ತಿಂಗಳುಗಟ್ಟಲೆ ಹಾಸಿಗೆಯಲ್ಲಿ ಬಿದ್ದಿದ್ದೆ. ಎದ್ದು ಓಡಾಡುವಂತಾದ ದಿನವೇ ಬೆಲ್ಟ್ ಬಿಗಿದುಕೊಂಡು ಜಿಮ್ಮಿಗೆ ಹೋದೆ. ನಾನು ಕಡೆಯದಾಗಿ ಎತ್ತಿದಷ್ಟೇ ಕಬ್ಬಿಣದ ಬಿಲ್ಲೆಗಳನ್ನು ರಾಡಿಗೆ ಹಾಕಿಕೊಂಡು ಬಗ್ಗಿದೆ. ನಮ್ಮ ಕೋಚ್, ಬಂದರಿನಲ್ಲಿ ಮೂಟೆ ಹೊತ್ತು ಬೆಳೆದ ಮನುಷ್ಯ, ಬಂದು ರಾಡಿನ ಮೇಲೆ ಕಾಲಿಟ್ಟರು.

“ಇದು ಯಾರ ಭಾರ ಗೊತ್ತೇನೋ?” ಅಂದರು.

“ನನ್ನದೇ ಸಾರ್,” ಅಂದೆ.

“ನಿಂದಲ್ಲ. ಹೋದ ವರ್ಷದವನದು. ಅವನು ಬಂದ್ರೆ ಅವನಿಗೆ ಕೊಡ್ತೀನಿ. ನೀನು ಆ ಖಾಲಿ ರಾಡ್ ತಗೋ.”

ಬಿಲ್ಲೆಯೇ ಇಲ್ಲದ ಬರೀ ರಾಡು! ನಿನ್ನೆ ಮೊನ್ನೆ ಸೇರಿದವರು ಎತ್ತುವಂಥದ್ದು. ಮೂಲೆಯಲ್ಲಿದ್ದ ಒಬ್ಬ, “ಏನಣ್ಣ, ಬಟ್ಟೆ ಒಣಗ್ಹಾಕೋಕೆ ತಗೊಂಡ್ಯಾ?” ಅಂದ. ಎಲ್ಲರೂ ನಕ್ಕರು. ಮನೆಗೆ ಬಂದು, ಇನ್ನು ಆ ಕಡೆ ತಲೆ ಹಾಕಿ ಮಲಗುವುದಿಲ್ಲ ಎಂದು ನಿಮ್ಮತ್ತೆಯ ಮುಂದೆ ಶಪಥ ಮಾಡಿದೆ. ಆಗಿನ್ನೂ ನಮಗೆ ಮದುವೆಯಾದ ಹೊಸತು. ಅವಳು ತಣ್ಣಗೆ, “ಸರಿ, ಹೋಗಬೇಡಿ. ಆ ಬೆಲ್ಟ್ ಇತ್ತ ಕೊಡಿ. ಹಿತ್ತಲ ಬಾಗಿಲು ಗಾಳಿಗೆ ಬಡ್ಕೊಳ್ಳತ್ತೆ, ಕಟ್ಟಿಹಾಕೋಕಾಗತ್ತೆ,” ಅಂದಳು. ಆ ಬೆಲ್ಟನ್ನು ಬಾಗಿಲಿಗೆ ಕಟ್ಟುವುದನ್ನು ನನ್ನಿಂದ ನೋಡಲಾಗುತ್ತಿರಲಿಲ್ಲ. ಮಾರನೇ ದಿನ ಹೋಗಿ ಖಾಲಿ ರಾಡು ಎತ್ತಿದೆ.

ಎತ್ತಿದಾಗ ಏನು ಗೊತ್ತಾಯಿತು ಕೇಳು. ರಾಡು ಎತ್ತುವಾಗ ಎರಡೂ ಕಾಲು ಹಾರಿಸಿ ಇಡುತ್ತೇವಲ್ಲ, ಆಗ ನನ್ನ ಎಡಗಾಲು ಒಂದು ಕೂದಲೆಳೆ ತಡವಾಗಿ ನೆಲಕ್ಕೆ ಬರುತ್ತಿತ್ತು. ಎಷ್ಟೋ ವರ್ಷಗಳಿಂದ ಹಾಗೇ ಇತ್ತೋ ಏನೋ. ಭಾರವಿದ್ದಾಗ ಬಿಲ್ಲೆಗಳ ಗದ್ದಲದಲ್ಲಿ ಅದು ಕೇಳಿಸಿರಲಿಲ್ಲ. ಖಾಲಿ ರಾಡು ಸದ್ದು ಮಾಡುವುದಿಲ್ಲ, ಹಾಗಾಗಿ ನನ್ನ ಕಾಲಿನ ತಪ್ಪು ನನ್ನ ಕಿವಿಗೇ ಬಿತ್ತು. ನನ್ನ ಸೊಂಟ ಹಿಡಿದದ್ದು ಆ ಕಾಲಿನಿಂದ.

ಹೋದ ಸಲ ನಿನ್ನ ಕಾರ್ಖಾನೆಗೆ ಬಂದಿದ್ದಾಗ ನೀನು ಗಾಜಿನ ಕೋಣೆಯಲ್ಲಿ ಕೂತಿದ್ದೆ. ಸೂಜಿ ಹಿಡಿದು ಎಷ್ಟು ಕಾಲವಾಯಿತೋ ಮಾವ, ಈಗೆಲ್ಲ ಫೋನಿನಲ್ಲೇ ಕೆಲಸ, ಎಂದು ನಗುತ್ತಾ ಹೇಳಿದೆ. ಹೊರಗೆ ಯಾರೋ ಫೋಮ್ ಚೂರುಗಳನ್ನು ವಿದ್ಯುತ್ ಪೆಟ್ಟಿಗೆಯ ಕೆಳಗೆ ಒಟ್ಟಿದ್ದರು. ನಾನು ನೋಡಿದೆ, ನೀನೂ ನೋಡಿರಬೇಕು. ಕೆಲಸದ ಗದ್ದಲದಲ್ಲಿ ಇಬ್ಬರಿಗೂ ಅದು ಕೇಳಿಸಲಿಲ್ಲ. ಇದನ್ನು ಬೈಗುಳವೆಂದು ಓದಬೇಡ.

ಆ ಸಭಾಂಗಣದ ಕುರ್ಚಿಗಳು ಹೋದ ವರ್ಷದವಳವು. ಅವಳು ಬಂದರೆ ಅವಳು ಎತ್ತಲಿ. ನೀನು ಹೋಗಿ ಸಲೂನಿನವನ ಸೀಟು ಕೇಳಿ ತಾ. ಮುಖ ಸಣ್ಣದು ಮಾಡಿಕೊಂಡು ಕೇಳಬೇಡ. ಅಂದು ಮನಸ್ಸು ಸರಿಯಿರಲಿಲ್ಲ ಎಂದರೆ ಸಾಕು, ಸುಟ್ಟ ಕಾರ್ಖಾನೆ ಅವನೂ ನೋಡಿದ್ದಾನೆ. ಮೂಲೆಗಳಲ್ಲಿ ಅಂಚಿನ ಪೈಪಿಂಗ್ ಪಟ್ಟಿಯನ್ನು ನೀನೇ ಕೂರಿಸು. ಬಟ್ಟೆ ಸುಕ್ಕಾದರೆ ಬಿಚ್ಚು, ಮತ್ತೆ ಹೊಲಿ. ನಮ್ಮ ಆಟದಿಂದ ವ್ಯಾಪಾರಕ್ಕೆ ತೆಗೆದುಕೊಂಡು ಹೋಗುವಂಥದ್ದು ನನಗೆ ಗೊತ್ತಿರುವುದು ಇಷ್ಟೇ.

ಬೆಂಕಿ ಬಿದ್ದಾಗ ನಾನು ಬರಲಿಲ್ಲ ಎಂದು ನಿನಗೆ ನೋವಾಗಿದೆ. ನೀನು ಕೇಳಿಲ್ಲ, ಆದರೆ ಕಾಗದದ ಕೊನೆಯಲ್ಲಿ ಯಾವಾಗಲೂ ಬರೆಯುವ “ಬೇಗ ಬನ್ನಿ ಮಾವ” ಈ ಸಲ ಇರಲಿಲ್ಲ. ನಿಮ್ಮತ್ತೆಗೆ ಮೊಣಕಾಲು ನೋವು, ಬಿಟ್ಟು ಬರಲಾಗಲಿಲ್ಲ ಎಂದು ಹೇಳಿಕಳಿಸಿದ್ದೆನಲ್ಲ.

ಈ ಕಾಗದ ತರುವ ಸಾಮಾನು ಗಾಡಿಯ ಚಾಲಕನ ಕೈಯಲ್ಲೇ ಒಂದು ಕುಶನ್ ಕಳಿಸಿದ್ದೇನೆ. ನಾನು ದಿನವೂ ಕೂರುವ ಕುರ್ಚಿಯದು. ಎಡಗಡೆ ಕುಸಿದುಹೋಗಿದೆ. ಸಲೂನಿನವನದು ಮುಗಿದ ಮೇಲೆ ಇದನ್ನು ಮಾಡು. ಮಾವ ಎಂದು ಪುಕ್ಕಟೆ ಮಾಡಿದರೆ ವಾಪಸು ಕಳಿಸುತ್ತೇನೆ. ಎರಡೂ ಮುಗಿಯುವವರೆಗೆ ಯಂತ್ರ ಮಾರಬೇಡ. ಆಮೇಲೆ ನಿನ್ನಿಷ್ಟ; ನಾನು ಒಂದು ಮಾತೂ ಆಡುವುದಿಲ್ಲ.

ನಿನಗೆ ಪೊರಕೆ ಕೋಲು ಕೊಟ್ಟವನು,
ನಿನ್ನ ಮಾವ

ಮರೆತ ಮಾತು: ಕಾಗದ ಮಡಚುವಷ್ಟರಲ್ಲಿ ನಿಮ್ಮತ್ತೆ ಬಂದು ಕಸಿದು ಓದಿದಳು. “ನನ್ನ ಮೊಣಕಾಲಿನ ಮೇಲೆ ಹೇಳಿದ ಸುಳ್ಳು ಸಾಕು, ನಿಜ ಬರೀರಿ,” ಎಂದು ಎದುರಿಗೇ ಕೂತಿದ್ದಾಳೆ. ಹೇಗೂ ಕುಶನ್ ಅಳತೆ ಹಿಡಿದರೆ ನಿನಗೆ ತಿಳಿದುಹೋಗುತ್ತದೆ. ಆ ಕುರ್ಚಿಗೆ ಚಕ್ರಗಳಿವೆ. ಬೆಂಕಿಯ ಹಿಂದಿನ ವಾರ ನನಗೆ ಲಕ್ವ ಹೊಡೆಯಿತು. ಎಡಗೈ, ಎಡಗಾಲು ಮಾತು ಕೇಳುತ್ತಿಲ್ಲ. ನಿನ್ನ ತಲೆಯ ಮೇಲೆ ಇನ್ನೊಂದು ಬಿಲ್ಲೆ ಏರಿಸುವುದು ಬೇಡವೆಂದು ಮುಚ್ಚಿಟ್ಟೆ. ವ್ಯಾಯಾಮ ಮಾಡಿಸಲು ಬರುವ ಹುಡುಗಿ ನನ್ನ ಅರ್ಧದಷ್ಟೂ ಇಲ್ಲ. ಮೊದಲ ದಿನ ಅವಳ ಮುಂದೆ ಎದ್ದು ನಿಲ್ಲಲು ಹೋದೆ. “ಅದು ಆಮೇಲೆ ತಾತ, ಮೊದಲು ಕಾಲಿನ ಹೆಬ್ಬೆರಳು ಅಲ್ಲಾಡಿಸಿ,” ಅಂದಳು. ಹೋದ ವರ್ಷದವನ ನೆನಪಾಯಿತು. ನಿನ್ನೆ ಹೆಬ್ಬೆರಳು ಅಲ್ಲಾಡಿತು.

ಈಗಲೇ ಓಡಿ ಬರಬೇಡ. ಕುಶನ್ ಮುಗಿಸಿಕೊಂಡು ಬಾ. ತೀರಾ ಮೆತ್ತಗೆ ಮಾಡಬೇಡ, ನನಗೆ ಏಳಬೇಕು ಅನ್ನಿಸಬೇಕು.