ನಲವತ್ತೊಂದನೇ ಪುಟ

ಚಿರಂಜೀವಿ ಮಗನಿಗೆ ಅಮ್ಮನ ಆಶೀರ್ವಾದ.

ಫೋನಿನಲ್ಲಾದರೆ ನಡುವೆ ಬಾಯಿ ಹಾಕುತ್ತೀಯ, ಅದಕ್ಕೇ ಈ ಕಾರ್ಡು. ಪರೀಕ್ಷೆಯವರೆಗೆ ನಿನ್ನ ಮಗಳನ್ನು ಹೊರಗೆ ಬಿಡಬೇಡ ಎಂದು ನೀನು ಹೇಳಿ ಕಳಿಸಿದಂತೆ, ಅವಳ ಬಾಡಿಗೆ ಕೋಣೆಯ ಬಾಗಿಲಿಗೆ ಕುರ್ಚಿ ಹಾಕಿಕೊಂಡು ಕಾವಲು ಕುಳಿತೆ. ಗುರುವಾರ ನಲವತ್ತೊಂದನೇ ಪುಟ ತೆರೆದವಳು ಶನಿವಾರವೂ ಅದನ್ನೇ ನೋಡುತ್ತಿದ್ದಳು. ಊಟ ಸೇರದು, ನಿದ್ದೆ ಹತ್ತದು.

ಅಷ್ಟರಲ್ಲಿ ಮೂವರು ಗೆಳತಿಯರು ಬಂದರು. "ಅಜ್ಜಿ, ಇವಳನ್ನ ಕೆರೆ ಹತ್ರ ಕರ್ಕೊಂಡು ಹೋಗ್ತೀವಿ, ಎರಡೇ ದಿನ."

"ಪರೀಕ್ಷೆ ಏನು ಕೆರೇಲಿ ಬರೀತಾರೇನ್ರೇ?"

"ಅನುಮಾನ ಇದ್ರೆ ನೀವೂ ಬನ್ನಿ," ಎಂದಳು ಅವರಲ್ಲೊಬ್ಬಳು ಬಾಯಿಬಡುಕಿ.

ಹೋದೆ. ಅಲ್ಲಾದರೂ ಓದಿಸೋಣವೆಂದು ಪುಸ್ತಕವನ್ನು ನಾನೇ ಹೊತ್ತೆ. ಅವಳು ಅದನ್ನೇ ತಲೆದಿಂಬು ಮಾಡಿಕೊಂಡು ಎರಡು ದಿನವೂ ಮರದ ಕೆಳಗೆ ಗೊರಕೆ ಹೊಡೆದಳು. ಈ ವಾರ ಆ ಪುಸ್ತಕದಿಂದಾದ ಉಪಕಾರ ಅಷ್ಟೇ. ದೋಣಿಗೆ ಕೊಂಡ ಅವಳ ಟಿಕೆಟ್ಟು ದಂಡವಾಗಬಾರದೆಂದು ನಾನು ಹತ್ತಿದೆ. ದೋಣಿಯವನು ಹುಟ್ಟು ಹಾಕುವ ರೀತಿ ಸರಿಯಿರಲಿಲ್ಲ, ತಿದ್ದಲೆಂದು ಎರಡನೇ ಸುತ್ತೂ ಹೋಗಬೇಕಾಯಿತು.

ಇವತ್ತು ಯಾರೂ ಹೇಳದೆ ಓದಲು ಕುಳಿತವಳು ತಿಂಡಿಯ ಹೊತ್ತಿಗೆ ಅರವತ್ತನೇ ಪುಟದಲ್ಲಿದ್ದಳು. ಎರಡು ಸಲ ಬಡಿಸಿಕೊಂಡು ತಿಂದಳು.

ನನ್ನ ಮಂಡಿನೋವಿನ ಎಣ್ಣೆ ಮುಗಿದಿದೆ, ಕಳಿಸು. ದಿನಕ್ಕೆ ಮೂರು ಸಲ ಫೋನ್ ಮಾಡಿ ಅವಳನ್ನು "ಎಷ್ಟು ಓದಿದೆ" ಎಂದು ಕೇಳುವುದನ್ನು ಇವತ್ತಿಗೇ ನಿಲ್ಲಿಸು. ನಿನ್ನ ಹತ್ತನೇ ಕ್ಲಾಸಿನ ಅಂಕಪಟ್ಟಿ ನನ್ನ ಪೆಟ್ಟಿಗೆಯಲ್ಲಿ ಭದ್ರವಾಗಿದೆ. ಪೆಟ್ಟಿಗೆ ಈಗ ಇಲ್ಲೇ, ಅವಳ ಮಂಚದ ಕೆಳಗಿದೆ.

ನಿನ್ನ ಅಮ್ಮ