ಬಾಣಂತಿಗೆ ಒಯ್ದ ಬೆಳ್ಳುಳ್ಳಿ

ಬನಹಟ್ಟಿ
9-12-2024

ಚಿ. ಸೌ. ಶ್ರೀದೇವಿಗೆ ನಿನ್ನ ಅಪ್ಪ ರಾಚಪ್ಪನ ಆಶೀರ್ವಾದ.

ಇಲ್ಲಿ ನಾನು, ನಿನ್ನ ಸೋದರತ್ತೆ ಹಣಮಕ್ಕ, ಎರಡು ಮಗ್ಗ, ಎಲ್ಲರೂ ಸದ್ದು ಮಾಡಿಕೊಂಡು ನಡೆದಿದ್ದೇವೆ. ನಿನ್ನ ಮೈ, ಕೂಸಿನ ಮೈ ಹಗುರಿರಲಿ. ಹದಿನೈದು ದಿನದ ಹಿಂದೆಯೇ ಬರೆಯಬೇಕಿತ್ತು, ತಪ್ಪು ನನ್ನದು. ಫೋನಿನಲ್ಲಿ ನನ್ನ ದನಿ ಏರುತ್ತದೆ, ಅದಕ್ಕೆ ಕಾಗದ. ನಾಲ್ಕನೇ ಇಯತ್ತೆಗೆ ಸಾಲೆ ಬಿಟ್ಟವನ ಅಕ್ಷರ. ಗಂಡ ಅಮೋಲನಿಂದ ಓದಿಸಬೇಡ, ನೀನೇ ಓದು.

ಅಂದು ನಿಮ್ಮ ಬಾಗಿಲಲ್ಲಿ ನಡೆದದ್ದನ್ನು ಯಾರು ಹೇಗೆ ಹೇಳಿದರೋ, ನಾನೇ ಹೇಳುತ್ತೇನೆ. ಹೆಣ್ಣು ಕೂಸು ಎಂದು ಅಮೋಲ ಫೋನು ಮಾಡಿದ ದಿನವೇ ಹಣಮಕ್ಕ ಶುರು ಮಾಡಿದಳು. "ಜೈನರ ಮನಿ ಲೇ ರಾಚ್ಯಾ ಅದು. ಬಳ್ಳೊಳ್ಳಿ ಕಾಣದ ಬಾಣಂತಿಗೆ ಹಾಲ ಎಲ್ಲಿಂದ ಬರಬೇಕು? ತಾಯಿ ಇಲ್ಲದ ಹುಡುಗಿ. ನೀನರ ಒಯ್ಯಿ." ಎರಡು ಕಿಲೋ ಸುಲಿದು, ತುಪ್ಪದಲ್ಲಿ ಹುರಿದು ಡಬ್ಬಿ ತುಂಬಿದಳು. ಬಸ್ಸಿನ ತುಂಬ ಅದರದೇ ವಾಸನೆ. "ಯಜಮಾನ್ರ, ಒಗ್ಗರಣಿ ಆತು, ಇನ್ನ ರೊಟ್ಟಿ ತಗೀರಿ," ಅಂದ ಕಂಡಕ್ಟರ. ಎಲ್ಲರೂ ನಕ್ಕರು. ನಾನೂ ನಕ್ಕೆ, ಮಗಳ ಮನೆಗೆ ಹೊರಟಿದ್ದೆನಲ್ಲ.

ನಿನ್ನ ಅತ್ತೆ ಕೈಮುಗಿದೇ ಹೇಳಿದರು. "ಬರ್ರಿ ಬೀಗರ, ಕಾಲಿಗೆ ನೀರ ತಗೋರಿ. ಆ ಡಬ್ಬಿ ಅಷ್ಟ ಹೊರಗ ಇರ್ಲಿ. ನಮ್ಮನ್ಯಾಗ ಬಳ್ಳೊಳ್ಳಿ ತರೂದುಲ್ಲರಿ." ನನ್ನ ಬಾಯಿ ಗೊತ್ತಲ್ಲ. "ನನ್ನ ಮಗಳ ಔಷಧ ಹೊರಗ ಅಂದ್ರ ನಾನೂ ಹೊರಗ," ಅಂದೆ. ಒಳಗೆ ಕೂಸು ಅತ್ತದ್ದು ಕೇಳಿಸಿತು. ಆದರೂ ಡಬ್ಬಿ ಹಿಡಿದು ತಿರುಗಿ ಬಂದೆ.

ಮರುದಿನ ತಲೆ ಸುತ್ತಿತು. ರಬಕವಿಯ ದವಾಖಾನೆಯಲ್ಲಿ ನರ್ಸ್ ಸಂಧ್ಯಾ ಬಿ.ಪಿ. ನೋಡಿ ಹೌಹಾರಿದಳು. ದಿನಾ ಮುಂಜಾನೆ ಎರಡು ಹಸಿ ಬೆಳ್ಳುಳ್ಳಿ ಎಸಳು ನುಂಗಿ ಬಿ.ಪಿ. ಗುಳಿಗೆ ಬಿಟ್ಟಿದ್ದೆ. "ಬಳ್ಳೊಳ್ಳಿ ಒಂದೀಟು ಛಲೋ ಮಾಡೀತ್ರಿ ಕಾಕಾ. ಗುಳಿಗಿ ಕೆಲಸ ಅದು ಮಾಡೂದುಲ್ಲ. ಮ್ಯಾಲ ಉಪ್ಪ ಸುರದ ಬಳ್ಳೊಳ್ಳಿ ಚಟ್ನಿ ಮೂರೂ ಹೊತ್ತ ತಿಂತೀರಿ." ಬೈಸಿಕೊಂಡ ಮೇಲೆ ನಿನ್ನ ಮಾತು ತೆಗೆದೆ, ಹಾಲಿಗೆ ಬೆಳ್ಳುಳ್ಳಿ ಬೇಡವೇ ಎಂದು. "ಹೊಟ್ಟಿತುಂಬ ಊಟ, ನೀರು, ನಿದ್ದಿ ಬೇಕ್ರಿ. ಕೂಸಿಗೆ ಮ್ಯಾಲಿಂದ ಮ್ಯಾಲ ಕುಡಸಬೇಕು. ಜೈನರ ಮನ್ಯಾಗ ಕೂಸುಗೋಳು ಬೆಳದಿಲ್ಲೇನ್ರಿ?" ಅರವತ್ತೆಂಟು ವರ್ಷ ಬಾಳಿದವನಿಗೆ ಅಷ್ಟು ಹೊಳೆಯಲಿಲ್ಲ ನೋಡು.

ನಿನ್ನ ಅತ್ತೆಗೆ ನನ್ನ ಶರಣು ಹೇಳು. ಚೊಚ್ಚಲ ಬಾಣಂತನ ತವರಲ್ಲಿ ಆಗುವುದು ರೂಢಿ. ಅದು ಆಗಲಿಲ್ಲ. ತೊಟ್ಟಿಲಿನ ಹೊತ್ತಿಗಾದರೂ ಒಂದು ತಿಂಗಳು ಬಂದು ಹೋಗು. ಮನೆಯಲ್ಲಿದ್ದ ಬೆಳ್ಳುಳ್ಳಿಯನ್ನೆಲ್ಲ ಪಕ್ಕದ ಯಮನಪ್ಪನ ಮನೆಗೆ ಕೊಟ್ಟೆ. ಹಣಮಕ್ಕ ಒಂದು ದಿನ ಗೊಣಗಿದಳು, ಆಮೇಲೆ ತಾನೇ ಹೊಸ ಪಾತ್ರೆ ಬೆಳಗಿಟ್ಟಳು. ನೀನು ಏನು ತಿನ್ನುತ್ತೀಯೋ ಅದೇ ಇಲ್ಲಿ ಬೇಯುತ್ತದೆ. ನಮ್ಮ ಮಗ್ಗದ್ದೇ ಮೆತ್ತನೆ ಅರಿವೆಯಲ್ಲಿ ಕೂಸಿನ ತಲೆಗೆ ಕುಂಚಿಗೆ ಹೊಲಿಸಿದ್ದೇನೆ. ಅಳತೆ ಗೊತ್ತಿಲ್ಲ, ಕೂಸನ್ನು ನೋಡಿಲ್ಲವಲ್ಲ. ಅದರ ಗದ್ದಕ್ಕೆ ನಿಮ್ಮವ್ವನ ಕುಳಿ ಬಂದಿದೆಯೇ? ಅಷ್ಟಾದರೂ ಬರೆ.

ತಾಯಿ ಮಗಳು ನೂರು ವರ್ಷ ಬಾಳಿರಿ, ಅಮೋಲನೂ.

ಇಂತಿ ನಿನ್ನ ಅಪ್ಪ,
ರಾಚಪ್ಪ

ತಾ.ಕ.: ಮರೆತು ಕೆಳಗೆ ಬರೆಯುತ್ತಿಲ್ಲ. ಮೇಲೆ ಬರೆಯಲು ಕೈ ಬರಲಿಲ್ಲ. ಲಗ್ನಕ್ಕೆ ಹೊರಟವಳಿಗೆ ಅಂದೆ, "ನಾ ಇರೂತನಕ ಈ ಹೊಸ್ತಲಾ ತುಳೀಬ್ಯಾಡ" ಅಂತ. ನೀನು ಹುಟ್ಟಿದಾಗಿನಿಂದ ನನ್ನ ಮಾತು ಕೇಳಿದವಳಲ್ಲ. ಸಾಲೆ ಬಿಡು ಅಂದೆ, ಬಿಡಲಿಲ್ಲ. ಮಗ್ಗದ ಹತ್ತಿರ ಬರಬೇಡ ಅಂದೆ, ಬಂದೇ ಬಂದಿ. ಮೂರು ವರ್ಷವಾಯಿತು. ಅದೊಂದು ಮಾತು ಯಾಕ ಕೇಳಿದಿ ಬೇ?